ದಿನ ತುಂಬದ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಬಗ್ಗೆ: ನವಜಾತ ಶಿಶು ಘಟಕದ ಶುಶ್ರೂಷಕಿಯ ಉತ್ತರಗಳು

ಪ್ರಶ್ನೆ (ಶಿಶುವಿನ ತಂದೆ): ನಮಸ್ಕಾರ ಸಿಸ್ಟರ್. ನಮ್ಮ ಮಗಳು 32ನೇ ವಾರದಲ್ಲಿಯೇ ಸಿಸೇರಿಯನ್ ಮೂಲಕ ಹುಟ್ಟಿದಳು. ತೂಕ 1,450 ಗ್ರಾಂ. ಐದು ದಿನಗಳಿಂದ ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುನಲ್ಲಿ ವಾರ್ಮರ್ (ಮೈ ಬೆಚ್ಚಗಿಡುವ ಯಂತ್ರ) ಕೆಳಗೆ ಇದ್ದಾಳೆ, ನಳಿಕೆಯಲ್ಲಿ ಹಾಲು ಕೊಡುತ್ತಿದ್ದಾರೆ. ಮಗುವನ್ನು ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಇಟ್ಟು ಬಟ್ಟೆಯಿಂದ ಕಟ್ಟುವುದಾಗಿ ಅಲ್ಲಿನ ಸಿಸ್ಟರ್ ಇವತ್ತು ಹೇಳಿದರು. ಇಷ್ಟು ಸಣ್ಣ ಕೂಸನ್ನು ಹೊರಗೆ ತೆಗೆದರೆ ಶೀತವಾಗುತ್ತದೆ, ನಂಜು ತಗಲುತ್ತದೆ ಎಂದು ನಮ್ಮ ತಾಯಿಯವರು ಬೇಡವೆನ್ನುತ್ತಿದ್ದಾರೆ. ಹೆಂಡತಿಗೆ ಹೊಲಿಗೆಯ ನೋವು ಇನ್ನೂ ಇದೆ. ಯಂತ್ರಗಳು ಸಾಲದೆ ಹೀಗೆ ಮಾಡುತ್ತಿದ್ದಾರೆಯೇ ಎಂಬ ಅನುಮಾನ ನನಗಿದೆ. ದಯವಿಟ್ಟು ತಿಳಿಸಿಕೊಡಿ.

ಉತ್ತರ: ನಿಮ್ಮ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಪದ್ಧತಿ ಹುಟ್ಟಿದ್ದು ಯಂತ್ರಗಳ ಕೊರತೆಯಿಂದಲೇ. ಕೊಲಂಬಿಯಾ ದೇಶದ ಬೊಗೊಟಾ ನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಶಿಶುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಮಲಗಿಸಿ, ಒಂದರ ಸೋಂಕು ಇನ್ನೊಂದಕ್ಕೆ ಹರಡುತ್ತಿದ್ದ ಕಾಲದಲ್ಲಿ, 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಅವರು ಶಿಶುಗಳನ್ನು ತಾಯಂದಿರ ಎದೆಗೇ ಒಪ್ಪಿಸಿದರು. ಇದನ್ನೇ ನಾವು ಕಾಂಗರೂ ತಾಯಿ ಆರೈಕೆ ಎನ್ನುತ್ತೇವೆ. ಆದರೆ ಇಂದು ಇದು ಯಂತ್ರವಿಲ್ಲದವರ ಉಪಾಯವಾಗಿ ಉಳಿದಿಲ್ಲ. ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ತೂಕದ 3,211 ಶಿಶುಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊದಲು ವಾರ್ಮರ್‌ನಲ್ಲಿಟ್ಟು, ಸ್ಥಿತಿ ಸುಧಾರಿಸಿದ ಮೇಲೆ ಎದೆಗೆ ಕೊಟ್ಟ ಗುಂಪಿನಲ್ಲಿ 28 ದಿನಗಳೊಳಗೆ ತೀರಿಕೊಂಡವರು ಶೇ. 15.7, ಹುಟ್ಟಿದ ಕೂಡಲೇ ಎದೆಯ ಆರೈಕೆ ಆರಂಭಿಸಿದ ಗುಂಪಿನಲ್ಲಿ ಶೇ. 12. ಲಾಭ ಇಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತಾನಾಗಿ ಉಸಿರಾಡಲಾಗದ, ವೆಂಟಿಲೇಟರ್ ಬೇಕಾದ ಅಥವಾ ರಕ್ತಸಂಚಾರ ಕುಸಿದ ಶಿಶುಗಳನ್ನು ಬಿಟ್ಟು, ಉಳಿದ ಎಲ್ಲ ಅವಧಿಪೂರ್ವ ಶಿಶುಗಳಿಗೂ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಮುಂದುವರಿಸಬೇಕೆಂದು ಶಿಫಾರಸು ಮಾಡಿತು. ನಿಮ್ಮ ಘಟಕದ ಸಿಸ್ಟರ್ ಹೇಳಿದ್ದು ಚಿಕಿತ್ಸೆಯನ್ನೇ ಎಂದು ದಯವಿಟ್ಟು ತಿಳಿಯಿರಿ.

ತಾಯಿಯವರ ಶೀತದ ಭಯ ಅಕಾರಣವಲ್ಲ. ದಿನ ತುಂಬದ ಕೂಸಿಗೆ ಚರ್ಮದಡಿಯ ಕೊಬ್ಬು ಕಡಿಮೆ, ಚರ್ಮ ತೆಳು, ಮೈಯ ಬಿಸಿ ಬೇಗ ಆರುತ್ತದೆ. ಆರಿದ ಬಿಸಿಯನ್ನು ಮರಳಿ ಪಡೆಯಲು ಅದು ತೂಕ ಹೆಚ್ಚಲು ಬೇಕಾದ ಶಕ್ತಿಯನ್ನೇ ಉರಿಸುತ್ತದೆ. ಆದರೆ ತಾಯಿಯ ಎದೆ ಕಂಬಳಿಯಂತಲ್ಲ, ಅದು ತಾನೇ ಬಿಸಿಯನ್ನು ಉಂಟುಮಾಡುತ್ತದೆ. ತಲೆಗೆ ಟೋಪಿ, ಕಾಲಿಗೆ ಸಾಕ್ಸ್, ಡೈಪರ್ ಬಿಟ್ಟು ಬೇರೇನೂ ಇಲ್ಲದ ಮೈಯನ್ನು ಎದೆಗೆ ಒತ್ತಿ, ಮೇಲೆ ಬಟ್ಟೆ ಹೊದಿಸಿದರೆ ಮೈಬಿಸಿ ಸಾಮಾನ್ಯವಾಗಿ 36.5ರಿಂದ 37.5 ಡಿಗ್ರಿಯೊಳಗೆ ನಿಲ್ಲುತ್ತದೆ. ನಾವು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಲೇ ಇರುತ್ತೇವೆ. ನಂಜಿನ ಮಾತಿಗೆ ಬಂದರೆ, ಆಸ್ಪತ್ರೆಯ ಸೂಕ್ಷ್ಮಾಣುಗಳಿಗಿಂತ ತಾಯಿಯ ಚರ್ಮದ ಸೂಕ್ಷ್ಮಾಣುಗಳು ಕೂಸಿಗೆ ಮೇಲು, ಎದೆಹಾಲೂ ಇದರಿಂದ ಹೆಚ್ಚುತ್ತದೆ. ತಾಯಿಯವರನ್ನೇ ಕರೆದುಕೊಂಡು ಬಂದು ಒಮ್ಮೆ ಪಕ್ಕದಲ್ಲಿ ನಿಲ್ಲಿಸಿ. ಬಿಗಿದುಕೊಂಡಿದ್ದ ಪುಟ್ಟ ಮುಷ್ಟಿ ಅಮ್ಮನ ಎದೆಯ ಮೇಲೆ ಬಂದ ಸ್ವಲ್ಪ ಹೊತ್ತಿಗೆ ಬಿಚ್ಚಿಕೊಳ್ಳುವುದನ್ನು ಅವರು ಕಣ್ಣಾರೆ ನೋಡಿದರೆ ನನ್ನ ಮಾತು ಬೇಕಾಗುವುದಿಲ್ಲ.

ಹೊಲಿಗೆಯ ವಿಷಯ: ಮಗು ಹೊಟ್ಟೆಯ ಮೇಲಲ್ಲ, ಎರಡು ಸ್ತನಗಳ ನಡುವೆ ನೆಟ್ಟಗೆ ಇರುತ್ತದೆ. ಕೈಕಾಲು ಕಪ್ಪೆಯಂತೆ ಮಡಿಸಿ ಹರಡಿರಬೇಕು, ಮುಖ ಒಂದು ಬದಿಗೆ ತಿರುಗಿರಬೇಕು, ಗದ್ದ ಎದೆಗೆ ಕುಸಿಯದೆ ಕುತ್ತಿಗೆ ಕೊಂಚ ಮೇಲಕ್ಕೆತ್ತಿರಬೇಕು. ಗದ್ದ ಕುಸಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಕಟ್ಟುವ ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಬೇಕು, ಹೊಟ್ಟೆಯ ಬಳಿ ಬಿಗಿಯಬಾರದು. ತಾಯಿ ಚಪ್ಪಟೆ ಮಲಗದೆ ದಿಂಬಿಗೆ ಒರಗಿ ಕೂರಬೇಕು. ನೋವಿದ್ದರೆ ಮಾತ್ರೆ ಕೇಳಲಿ, ಸಹಿಸಿಕೊಂಡು ಸುಮ್ಮನಿರುವುದು ಬೇಡ.

ಪ್ರಶ್ನೆ (ಅದೇ ತಂದೆ): ಧನ್ಯವಾದಗಳು ಸಿಸ್ಟರ್, ತಾಯಿಯವರಿಗೆ ಓದಿ ಹೇಳಿದೆ. ಹೆಂಡತಿ ಸುಸ್ತಾದಾಗ ನಾನು ಕೂರಬಹುದೇ? ಗಂಡಸರಿಗೆ ಒಳಗೆ ಬಿಡುತ್ತಾರೆಯೇ?

ಉತ್ತರ: ಖಂಡಿತ ಕೂರಬಹುದು, ಅಜ್ಜಿಯೂ ಕೂರಬಹುದು. ಸ್ನಾನ ಮಾಡಿ, ಒಗೆದ ಮುಂದೆ ತೆರೆಯುವ ಅಂಗಿ ತೊಟ್ಟು, ಉಂಗುರ, ಗಡಿಯಾರ ತೆಗೆದು, ಮೊಣಕೈವರೆಗೆ ಸೋಪಿನಿಂದ ತೊಳೆದುಕೊಂಡು ಬನ್ನಿ. ಕೆಮ್ಮು, ಜ್ವರ, ಚರ್ಮದ ಸೋಂಕು ಇದ್ದರೆ ಬೇಡ. ಒಮ್ಮೆ ಕೂತರೆ ಒಂದು ಗಂಟೆಗಿಂತ ಕಡಿಮೆಗೆ ಏಳಬೇಡಿ, ಪದೇ ಪದೇ ತೆಗೆದಿಡುವುದು ಮಗುವಿಗೆ ಆಯಾಸ. ಮರೆಗೆ ಪರದೆ ಇಲ್ಲದ ಘಟಕದಲ್ಲಿ ಬೇರೆ ತಾಯಂದಿರಿಗೆ ಸಂಕೋಚವಾಗದಂತೆ ಸಮಯ ಗೊತ್ತುಮಾಡಿ ಬಿಡುತ್ತಾರೆ. ಬಿಡದಿದ್ದರೆ ಮೇಲ್ವಿಚಾರಕ ಸಿಸ್ಟರ್ ಅವರನ್ನು ಸಮಾಧಾನದಿಂದ ಕೇಳಿ.

ಪ್ರಶ್ನೆ (ಹೊಸದಾಗಿ ಸೇರಿದ ಶುಶ್ರೂಷಾಧಿಕಾರಿ): ಅಕ್ಕಾ, ನನಗೆ ನಿಜವಾಗಿಯೂ ಭಯವಾಗುತ್ತದೆ. ರಾತ್ರಿ ಪಾಳಿಯಲ್ಲಿ ಶಿಶುಗಳು ಹೆಚ್ಚು, ನಾವು ಕಡಿಮೆ. ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಮೇಲಿರುವ ಮಗುವನ್ನು ಎತ್ತುವಾಗ ನಳಿಕೆ ಕಳಚಿದರೆ, ಉಸಿರು ನಿಂತರೆ ಎಂಬ ಯೋಚನೆಯಲ್ಲಿ ತಾಯಿಗೆ "ನಾಳೆ ನೋಡೋಣಮ್ಮ" ಎಂದುಬಿಡುತ್ತೇನೆ.

ಉತ್ತರ: ತಂಗಿ, ಆ "ನಾಳೆ ನೋಡೋಣ" ಎಂಬ ಮಾತನ್ನು ನಾನೂ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಸ್ಪತ್ರೆಯಲ್ಲಿ ಬಾಣಂತಿಯರು ಗಾಜಿನಾಚೆ ನಿಂತು, ಹಿಂಡಿದ ಹಾಲಿನ ಬಟ್ಟಲನ್ನು ಬಾಗಿಲ ಸಂದಿನಲ್ಲಿ ಕೊಟ್ಟು ಹೋಗುತ್ತಿದ್ದರು. ಹನ್ನೊಂದು ದಿನ ಹಾಗೆ ನಿಂತಿದ್ದ ಒಬ್ಬ ತಾಯಿ, ಕೊನೆಗೆ ಮಗುವನ್ನು ಕೈಗಿತ್ತಾಗ, "ಇದು ನಂದೇನಾ ಸಿಸ್ಟರ್" ಎಂದು ಕೇಳಿದರು. ಆ ಪ್ರಶ್ನೆಗೆ ಕಾರಣ ನಾವೇ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೆಲಸದ ಕ್ರಮ ಹೀಗಿಟ್ಟುಕೋ. ಮೊದಲು ವೈದ್ಯರ ಒಪ್ಪಿಗೆಯಿರಲಿ; ಸಿಪ್ಯಾಪ್ ಇದೆ ಎಂಬುದೊಂದೇ ಅಡ್ಡಿಯಲ್ಲ. ತಾಯಿ ಮೂತ್ರಕ್ಕೆ ಹೋಗಿ, ಊಟ ಮಾಡಿ, ನೀರು ಕುಡಿದು ಕುರ್ಚಿಯಲ್ಲಿ ಸರಿಯಾಗಿ ಒರಗಿದ ಮೇಲೆಯೇ ಮಗುವನ್ನು ಮುಟ್ಟು. ಒಬ್ಬಳೇ ಎತ್ತಬೇಡ: ಒಬ್ಬರು ಮಗುವನ್ನು ಮಡಿಸಿದ ಭಂಗಿಯಲ್ಲಿಯೇ ಎರಡೂ ಕೈಯಲ್ಲಿ ಹಿಡಿಯಲಿ, ಇನ್ನೊಬ್ಬರು ಕೊಳವೆಗಳನ್ನು ಮಾತ್ರ ನೋಡಿಕೊಳ್ಳಲಿ. ಎದೆಯ ಮೇಲಿಟ್ಟ ಕೂಡಲೇ ಸಿಪ್ಯಾಪ್ ಕೊಳವೆಯನ್ನು ತಾಯಿಯ ಹೆಗಲ ಬಟ್ಟೆಗೆ ಸಡಿಲು ಬಿಟ್ಟು ಟೇಪಿನಿಂದ ಅಂಟಿಸು. ಎತ್ತಿದ ಮೊದಲ ಕೆಲವು ನಿಮಿಷ ಮಾನಿಟರಿನ ಅಂಕಿ ಏರಿಳಿಯುವುದುಂಟು. ಪಕ್ಕದಲ್ಲೇ ನಿಂತು, ಕುತ್ತಿಗೆಯ ಭಂಗಿ ಸರಿಮಾಡಿ ನೋಡು. ಅಂಕಿ ಚೇತರಿಸಿಕೊಳ್ಳದಿದ್ದರೆ ಮರಳಿ ಮಲಗಿಸಿ ವೈದ್ಯರನ್ನು ಕರೆ. ಉಸಿರು ತಡೆದರೆ ಅಂಗಾಲು ಅಥವಾ ಬೆನ್ನನ್ನು ಮೃದುವಾಗಿ ಉಜ್ಜುವುದನ್ನು ತಾಯಿಗೂ ಕಲಿಸು. ಉಜ್ಜುತ್ತಲೇ ನಿನ್ನನ್ನು ಕೂಗಬೇಕೆಂದೂ ಹೇಳು. ಎಷ್ಟು ಗಂಟೆ ಕೂತರೆಂಬುದನ್ನು, ಔಷಧ ಬರೆಯುವಷ್ಟೇ ನಿಷ್ಠೆಯಿಂದ, ಕೇಸ್ ಶೀಟಿನಲ್ಲಿ ಬರೆ. ಬರೆಯದ ಗಂಟೆಗಳನ್ನು ರೌಂಡ್ಸಿನಲ್ಲಿ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಕೊರತೆಯಿರುವುದು ತಾಯಿ ಎಂಟು ಗಂಟೆ ಕೂರಬಲ್ಲ ಕುರ್ಚಿಯಲ್ಲಿ, ಪರದೆಯಲ್ಲಿ, ಅವಳ ಊಟದ ವ್ಯವಸ್ಥೆಯಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಆರೋಗ್ಯ ಇಲಾಖೆಯೊಂದಿಗೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸೇರಿ, 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ದಿನಕ್ಕೆ ಎಂಟು ಗಂಟೆಯ ಗುರಿಯಿಟ್ಟು ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸಿದ್ದಾರೆ. ದೊಡ್ಡ ನಗರದ ಸವಲತ್ತಿಲ್ಲದೆ ಇದು ಸಾಧ್ಯ ಎನ್ನುವುದಕ್ಕೆ ಹೊರಗೆಲ್ಲೂ ನೋಡಬೇಕಿಲ್ಲ.

ಪ್ರಶ್ನೆ (ಒಬ್ಬ ಅಜ್ಜಿಯ ಪರವಾಗಿ ಮಗಳು): ಮನೆಗೆ ಬಂದ ಮೇಲೆ ಎಣ್ಣೆ ನೀರು ಯಾವಾಗ ಹಾಕಬಹುದು ಎಂದು ಅಮ್ಮ ಕೇಳುತ್ತಿದ್ದಾರೆ. ಎದೆಗೆ ಕಟ್ಟಿಕೊಳ್ಳುವುದನ್ನು ಯಾವಾಗ ನಿಲ್ಲಿಸಬೇಕು?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನೀರೆರೆಯುವುದನ್ನು ವೈದ್ಯರು ಹೇಳುವವರೆಗೂ ಮುಂದೂಡಲಿ, ಅಲ್ಲಿಯವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಮತ್ತು ಕೆಂಡದ ಅಗ್ಗಿಷ್ಟಿಕೆ ಮಗುವಿನ ಕೋಣೆಯಲ್ಲಿ ಬೇಡವೇ ಬೇಡ. ಮೂಗು, ಕಿವಿಗೆ ಎಣ್ಣೆ ಬಿಡುವುದೂ ಬೇಡ. ಹಾಲು ಹೀರಲು ಇನ್ನೂ ಶಕ್ತಿ ಸಾಲದಿದ್ದರೆ ಬಾಟಲಿಯ ಬದಲು, ಕುದಿಸಿ ಶುದ್ಧಮಾಡಿದ ಒಳಲೆಯಲ್ಲಿ ಎದೆಹಾಲನ್ನೇ ಕುಡಿಸಲಿ. ತೂಕ 2,500 ಗ್ರಾಂ ಮುಟ್ಟುವ ಹೊತ್ತಿಗೆ, ಇಲ್ಲವೇ ಹೆರಿಗೆಯ ನಿಜವಾದ ದಿನ ಹತ್ತಿರವಾದಾಗ, ಮಗುವೇ ಕಟ್ಟಿನೊಳಗೆ ಒದ್ದಾಡಿ, ಕೈಕಾಲು ಹೊರಗೆ ಚಾಚಿ, ಸಾಕು ಎಂದು ತಿಳಿಸುತ್ತದೆ, ಅಲ್ಲಿಗೆ ನಿಲ್ಲಿಸಬಹುದು. ಅದಕ್ಕೆ ಮೊದಲು ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಪಾದ ತಣ್ಣಗಾಗಿ ಎದೆಗೆ ಹಾಕಿಕೊಂಡರೂ ಬಿಸಿಯಾಗದಿದ್ದರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯದೆ, ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತಲೇ 108ಕ್ಕೂ ಕರೆ ಮಾಡಿ, ಮಗುವನ್ನು ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.