ಇನ್ಸುಲಿನ್ ಪೆನ್ ಪರೀಕ್ಷೆಗೆ ಬಳಕೆದಾರರನ್ನು ಯಾವಾಗ ಕರೆಯಬೇಕು?

ಪ್ರಶ್ನೆ:
ಮಧುಮೇಹಿಗಳು ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ವಿನ್ಯಾಸ ಮಾಡುವ ತಂಡದಲ್ಲಿದ್ದೇನೆ. ಮೊನ್ನೆ ನೀರು ತುಂಬಿದ ಮಾದರಿಯೊಂದನ್ನು ಅಮ್ಮನ ಕೈಗಿಟ್ಟು ಸ್ಪಂಜಿಗೆ ಚುಚ್ಚಲು ಹೇಳಿದೆ. ಅವರಿಗೆ ಸಂಧಿವಾತ. ಡೋಸ್ ಸರಿಯಾಗಿಯೇ ತಿರುಗಿಸಿದರು, ಆದರೆ ಗುಂಡಿ ಒತ್ತಿದ ತಕ್ಷಣ ಪೆನ್ ಎತ್ತಿಬಿಟ್ಟರು. ಅರ್ಧ ನೀರು ಸ್ಪಂಜಿನ ಹೊರಗೆ! ಒತ್ತಿಹಿಡಿದು ಹತ್ತು ಎಣಿಸಬೇಕು ಎಂಬುದು ಕೈಪಿಡಿಯಲ್ಲಷ್ಟೇ ಇದೆ. ಎಂಟು ಮಂದಿ ಇಂಜಿನಿಯರುಗಳು ತಿಂಗಳುಗಟ್ಟಲೆ ಒತ್ತಿ ನೋಡಿದ್ದೆವು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ಬಳಕೆದಾರರನ್ನು ಯಾವ ಹಂತದಲ್ಲಿ, ಎಷ್ಟು ಜನರನ್ನು ಕರೆಯಬೇಕು?

ಉತ್ತರ 1:
ಈಗಲೇ ಕರೆಯಿರಿ. ವೈದ್ಯಕೀಯ ಸಾಧನಗಳ ಬಳಕೆ ಸುಲಭವೂ ಸುರಕ್ಷಿತವೂ ಆಗಿರಲು ಇರುವ ಐಇಸಿ 62366-1 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ: ವಿನ್ಯಾಸ ತಿದ್ದಲು ನಡುನಡುವೆ ಮಾಡುವುದು, ಕೊನೆಗೆ ಸುರಕ್ಷಿತ ಬಳಕೆಯನ್ನು ಖಚಿತಪಡಿಸುವುದು. ಮೊದಲನೆಯದಕ್ಕೆ ಐದಾರು ಜನರಿಂದಲೇ ಬಹಳಷ್ಟು ತಿಳಿಯುತ್ತದೆ. ಕೊನೆಯದಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ 2016ರ ಮಾರ್ಗಸೂಚಿಯಲ್ಲಿ ಪ್ರತಿ ಗುಂಪಿಗೆ ಕನಿಷ್ಠ 15 ಜನ ಎಂದಿದೆ. ರೋಗಿಗಳು, ನರ್ಸ್‌ಗಳು ಬೇರೆ ಬೇರೆ ಗುಂಪು.

ಉತ್ತರ 2:
ನಾನು ನರ್ಸ್. ಪರೀಕ್ಷೆಯ ವೇಳೆ ದಯವಿಟ್ಟು ಸುಮ್ಮನಿರಿ. "ಅದಲ್ಲ, ಇದನ್ನು ಒತ್ತಿ" ಅಂದರೆ ಪರೀಕ್ಷೆ ಕೆಟ್ಟಿತು. ಕಣ್ಣು ಮಂಜಾದವರು, ಬೆರಳು ಜೋಮು ಹಿಡಿದವರು ಖಂಡಿತ ಇರಲಿ. ಮಧುಮೇಹಿಗಳಲ್ಲಿ ಅಂಥವರು ಬಹಳ.

ಪ್ರಶ್ನೆ ಕೇಳಿದವರು:
ನಿಜ, ಅಮ್ಮನಿಗೆ ಮೊದಲೇ ಹೇಳಿಕೊಟ್ಟಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಪೆನ್ ತಯಾರಿಸುವ ಅಚ್ಚು (ಮೋಲ್ಡ್) ಇನ್ನೂ ಆಗಿಲ್ಲ, ಸೋಮವಾರವೇ ತಂಡದಲ್ಲಿ ಮಾತಾಡುತ್ತೇನೆ.