ಹಳ್ಳಿ ಮನೆಗೆ ಯುಪಿಎಸ್: 150 ಎಎಚ್ ಸಾಕಾ, 220 ಬೇಕಾ? ಲೋ ವೋಲ್ಟೇಜ್‌ಗೆ ಏನು ಮಾಡೋದು?

ಮಧುಗಿರಿ_ಕಡೆಯವ:
ಮಧುಗಿರಿ ತಾಲ್ಲೂಕಿನ ಹಳ್ಳಿ ಮನೆ, ಅಪ್ಪ ಅಮ್ಮ ಇಬ್ಬರೇ ಇರೋದು. ಗಾಳಿಮಳೆ ಬಂದರೆ ಕರೆಂಟ್ ರಾತ್ರಿಯಿಡೀ ಬರಲ್ಲ. ಉಳಿದ ದಿನ ಸಂಜೆ ವೋಲ್ಟೇಜ್ 160–170ಕ್ಕೆ ಇಳಿಯುತ್ತೆ. ಓಡಬೇಕಿರೋದು 3 ಫ್ಯಾನ್, 6 ಎಲ್‌ಇಡಿ ಬಲ್ಬ್, ವೈಫೈ. ಅಂಗಡಿಯವರು 220 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿಯೇ ಹಾಕಿಸಿ ಅಂತಿದ್ದಾರೆ. ಅಮ್ಮನ ಇನ್ಸುಲಿನ್ ಇರೋದರಿಂದ ಫ್ರಿಜ್ಜನ್ನೂ ಯುಪಿಎಸ್‌ಗೆ ಕೊಡಬಹುದಾ?

ತಂತಿ_ಕೆಲಸ:
220 ಬೇಡ ಸರ್. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್, ಬಲ್ಬ್‌ಗೆ 9, ರೂಟರ್‌ಗೆ 12 ಅಂತ ಹಿಡಿದರೆ ಒಟ್ಟು ಸುಮಾರು 290 ವ್ಯಾಟ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ ಯುಪಿಎಸ್ ತಿನ್ನೋದು, ಪೂರ್ತಿ ಖಾಲಿ ಮಾಡದೆ ಉಳಿಸೋದು ಕಳೆದರೆ ಕೈಗೆ ಸಿಗೋದು 1150ರ ಆಸುಪಾಸು. ನಾಲ್ಕು ಗಂಟೆ ಬರುತ್ತೆ. ಅದೇ ಮೂರು ಫ್ಯಾನನ್ನೂ 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಮೋಟರ್‌ನ ಫ್ಯಾನ್) ಮಾಡಿಸಿದರೆ ಏಳು ಗಂಟೆ ದಾಟುತ್ತೆ. ದೊಡ್ಡ ಬ್ಯಾಟರಿಗೆ ಹಾಕೋ ಹೆಚ್ಚಿನ ದುಡ್ಡನ್ನ ಫ್ಯಾನ್‌ಗೆ ಹಾಕಿ.

ಅಂಗಡಿಯವರು ಚಾರ್ಜಿಂಗ್ ವಿಷಯ ಹೇಳಲ್ಲ. ಖಾಲಿಯಾದ 150 ಎಎಚ್ ತುಂಬೋಕೆ 10–12 ಗಂಟೆ ಸರಿಯಾದ ಕರೆಂಟ್ ಬೇಕು, 220ಕ್ಕೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಸಿಗದೆ ಸದಾ ಅರೆಬರೆ ಚಾರ್ಜ್‌ನಲ್ಲಿದ್ದರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಬೇಗ ಸಾಯುತ್ತೆ.

ನಿಮ್ಮೂರಿನ ಲೋ ವೋಲ್ಟೇಜ್‌ಗೆ: ಯುಪಿಎಸ್ ಪೆಟ್ಟಿಗೆ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ. ಅದು ‘ಯುಪಿಎಸ್’ ಕಡೆ ಇದ್ದರೆ ಸುಮಾರು 180 ವೋಲ್ಟ್‌ಗಿಂತ ಕೆಳಗೆ ಇಳಿದ ತಕ್ಷಣ ಲೈನ್ ಬಿಟ್ಟು ಬ್ಯಾಟರಿಗೆ ಹೋಗುತ್ತೆ. ಕಂಬದಲ್ಲಿ ಕರೆಂಟ್ ಇದ್ದೂ ನಿಮ್ಮ ಬ್ಯಾಟರಿ ಇಳೀತಿರುತ್ತೆ! ಇನ್ನೊಂದು ಕಡೆಗೆ ತಿರುಗಿಸಿ (ಹೆಸರು ಕಂಪನಿಗೊಂದು), ಆಗ ಸುಮಾರು 100ರಿಂದ 290ರವರೆಗೆ ಲೈನಲ್ಲೇ ಓಡುತ್ತೆ. ಆದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋದು ಸ್ವಲ್ಪ ನಿಧಾನ, ರೂಟರ್ ಆಫ್ ಆಗಿ ಆನ್ ಆಗಬಹುದು. ಅದಕ್ಕೆ ಬೇರೆ ಮಿನಿ ಯುಪಿಎಸ್ ಸಿಗುತ್ತೆ. ರೂಟರ್ ಅಡಾಪ್ಟರ್ ಮೇಲೆ 9 ವೋಲ್ಟ್ ಅಂತಿದೆಯಾ 12 ಅಂತಿದೆಯಾ ನೋಡಿ ತಗೊಳ್ಳಿ.

ಮೀಟರ್_ಬೋರ್ಡ್:
ಮೇಲಿನವರ ಮಾತು ಸರಿ, ಒಂದು ಸೇರಿಸಬೇಕು. ಸ್ವಿಚ್ ಆ ಇನ್ನೊಂದು ಕಡೆ ಇದ್ದಾಗ ಹೈ ವೋಲ್ಟೇಜೂ ಒಳಗೆ ಬರುತ್ತೆ. ಗಾಳಿಗೆ ಕಂಬದ ನ್ಯೂಟ್ರಲ್ ಕಿತ್ತುಹೋದರೆ ಮನೆಗೆ 300ರ ಮೇಲೆ ಬರಬಹುದು, ಟಿವಿ, ಬಲ್ಬ್ ಎಲ್ಲಾ ಸುಟ್ಟುಹೋಗುತ್ತೆ. ಮೇನ್ ಬೋರ್ಡ್‌ನಲ್ಲಿ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ (ವೋಲ್ಟೇಜ್ ಮಿತಿ ಮೀರಿದರೆ ಕಟ್ ಮಾಡೋದು) ಹಾಕಿಸಿ. ಕೆಳಗಿನ ಮಿತಿಯನ್ನ 140ಕ್ಕೆ ಇಡಿ, 180ಕ್ಕೆ ಇಟ್ಟರೆ ದಿನಾ ಸಂಜೆ ಇಡೀ ಮನೆಯನ್ನೇ ಕಟ್ ಮಾಡುತ್ತೆ.

ವೈರಿಂಗ್‌ನಲ್ಲಿ ಯುಪಿಎಸ್ ಲೈನ್‌ಗೆ ಬೇರೆಯೇ ನ್ಯೂಟ್ರಲ್ ಎಳೆಸಿ. ಉಳಿದ ಸರ್ಕ್ಯೂಟ್ ನ್ಯೂಟ್ರಲ್ ಜೊತೆ ಸೇರಿಸಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡೋ ಸ್ವಿಚ್) ಪದೇ ಪದೇ ಬೀಳುತ್ತೆ. ಜನರೇಟರ್ ತಂದರೆ ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಜೋಡಿಸೋದು) ಇಲ್ಲದೆ ಪ್ಲಗ್‌ಗೆ ಸಿಕ್ಕಿಸಲೇಬೇಡಿ. ಕರೆಂಟ್ ವಾಪಸ್ ಲೈನ್‌ಗೆ ಹೋಗಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತೆ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆ ಬೋರ್ ನೀರಲ್ಲಿ ಲವಣ ಜಾಸ್ತಿ, ಆರ್‌ಓ ನೀರೂ ಆಗಲ್ಲ. ಫುಲ್ ಚಾರ್ಜ್ ಆದ ಮೇಲೆ ನೀರಿನ ಮಟ್ಟ ತೋರಿಸೋ ಫ್ಲೋಟ್ ನೋಡಿ ತುಂಬಿ. ಖಾಲಿ ಇದ್ದಾಗ ಗುರುತಿನವರೆಗೆ ತುಂಬಿದರೆ ಚಾರ್ಜಾಗುವಾಗ ಉಕ್ಕಿ ಆಸಿಡ್ ಆಚೆ ಬರುತ್ತೆ. ಚಾರ್ಜಾಗುವಾಗ ಹೈಡ್ರೋಜನ್ ಬರೋದರಿಂದ ದೇವರ ದೀಪದಿಂದ ದೂರ, ಗಾಳಿಯಾಡೋ ಕಡೆ ಇಡಿ.

ಹಿತ್ತಲ_ಬಾಗಿಲು:
ಫ್ರಿಜ್ ಕೊಡಬೇಡಿ, ಕಂಪ್ರೆಸರ್ ಶುರುವಾಗೋ ಏಟಿಗೆ ಸಣ್ಣ ಯುಪಿಎಸ್ ಓವರ್‌ಲೋಡ್ ಆಗುತ್ತೆ. ಬಾಗಿಲು ತೆಗೀದಿದ್ದರೆ ನಾಲ್ಕು ಗಂಟೆ ತಂಪಿರುತ್ತೆ.

ಬಳಕೆಯಲ್ಲಿರೋ ಇನ್ಸುಲಿನ್ ಬಹುತೇಕ 30 ಡಿಗ್ರಿಯೊಳಗೆ ನಾಲ್ಕು ವಾರ ಹೊರಗಿರಬಹುದು. ನಿಮ್ಮದಕ್ಕೆ ಎಷ್ಟು ಅನ್ನೋದು ಡಬ್ಬಿಯೊಳಗಿನ ಚೀಟಿಯಲ್ಲಿರುತ್ತೆ. ಬೇಸಿಗೆಗೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಇನ್ಸುಲಿನ್ನನ್ನ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಿ. ಮೇಲೆ ಒದ್ದೆ ಬಟ್ಟೆ ಹಾಕಿ, ನೆರಳಲ್ಲಿರಲಿ. ಐಸ್‌ಗೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ, ಎಸೀಬೇಕು.

ಮಧುಗಿರಿ_ಕಡೆಯವ:
ತುಂಬಾ ಉಪಕಾರ. ಕೇಂದ್ರದ ಸೂರ್ಯಘರ್ ಯೋಜನೆಯ ಚಾವಣಿ ಸೋಲಾರ್ ಹಾಕಿಸಿದರೆ ಯುಪಿಎಸ್ಸೇ ಬೇಡ ಅಂತ ಊರಲ್ಲಿ ಹೇಳ್ತಾರೆ, ಹೌದಾ?

ತಂತಿ_ಕೆಲಸ:
ಇಲ್ಲ ಸರ್. ಬ್ಯಾಟರಿ ಇಲ್ಲದೆ ನೇರ ಕಂಬದ ಲೈನ್‌ಗೇ ಜೋಡಿಸೋ ಆನ್-ಗ್ರಿಡ್ ಸೋಲಾರ್, ಲೈನ್ ಹೋದ ತಕ್ಷಣ ತಾನೇ ನಿಂತುಹೋಗುತ್ತೆ, ಬಿಸಿಲಿದ್ದರೂ ಅಷ್ಟೇ. ಲೈನ್‌ಮನ್ ಸುರಕ್ಷತೆಗೆ ಹಾಗೆ ಮಾಡಿರೋದು. ಬಿಲ್ ಇಳಿಯುತ್ತೆ, ಕತ್ತಲೆ ತಪ್ಪಲ್ಲ. ನಿಮಗೆ ಬೇಕಿರೋದು ಹಗಲು ಬ್ಯಾಟರಿ ತುಂಬೋ ವ್ಯವಸ್ಥೆ. 12 ವೋಲ್ಟ್ ಬ್ಯಾಟರಿಗಾದರೆ 36 ಸೆಲ್‌ನ 165 ವ್ಯಾಟ್ ಪ್ಯಾನೆಲ್ ಎರಡು ಪ್ಯಾರಲಲ್‌ನಲ್ಲಿ, 30 ಆಂಪಿಯರ್ ಚಾರ್ಜ್ ಕಂಟ್ರೋಲರ್. 72 ಸೆಲ್‌ನ ದೊಡ್ಡ ಪ್ಯಾನೆಲ್ ಕೊಟ್ಟರೆ ಎಂಪಿಪಿಟಿ ಕಂಟ್ರೋಲರ್ರೇ (ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನ ಬ್ಯಾಟರಿಗೆ ಹೊಂದಿಸಿ ಕೊಡೋದು) ಕೇಳಿ. ಹಾಗೆ ಹೊಂದಿಸದ ಅಗ್ಗದ ಪಿಡಬ್ಲ್ಯುಎಂ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಪವರ್ ದಂಡ.