ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ರನ್ ಆದ ಕೂಡಲೇ ಲೋಡ್‌ಸೆಲ್ (ತೂಕ ಅಳೆಯುವ ಸೆನ್ಸರ್) ರೀಡಿಂಗ್ ಕುಣಿಯುತ್ತಿದೆ

ಮಂಡ್ಯ_ರೈಸ್‌ಮಿಲ್:
ಸರ್, ಮಿಲ್ಲಿಗೆ ಸ್ವಂತ ಟಿಸಿ (ಟ್ರಾನ್ಸ್‌ಫಾರ್ಮರ್) ಇದೆ, 11 ಕೆವಿ ಸಪ್ಲೈ. ಚೀಲ ತೂಗುವ ಮೆಷಿನ್ ಪಕ್ಕದ ಬ್ಲೋವರ್‌ಗೆ 15 ಕಿಲೋವ್ಯಾಟ್ ವಿಎಫ್‌ಡಿ ಹಾಕಿದ್ದೇವೆ. ಅದು ಓಡಿದರೆ 50 ಕೆಜಿ ಚೀಲ 49.6ರಿಂದ 50.5ರವರೆಗೆ ತೋರಿಸುತ್ತದೆ. ತೂಕದ ಪ್ಯಾನೆಲ್‌ಗೆ ಬೇರೆ ಅರ್ಥ್ ಪಿಟ್ ತೋಡಿಸಿ, ಹಳೆಯದಕ್ಕೆ ಸೇರಿಸಬೇಡಿ ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಹೆಬ್ಬಾಳ_ಪ್ಯಾನೆಲ್:
ದಯವಿಟ್ಟು ಬೇಡ. ಹೊಸ ಪಿಟ್ 3 ಓಮ್, ಟಿಸಿ ನ್ಯೂಟ್ರಲ್ ಪಿಟ್ 2 ಓಮ್ ಅಂದುಕೊಳ್ಳಿ. ಫೇಸ್ ವೈರು ಪ್ಯಾನೆಲಿನ ಲೋಹದ ಬಾಡಿಗೆ ತಗುಲಿದರೆ, ಎರಡು ಪಿಟ್ ಜೋಡಿಸಿಲ್ಲದ ಕಾರಣ ಕರೆಂಟು ಮಣ್ಣಿನ ಮೂಲಕವೇ ವಾಪಸಾಗಬೇಕು. 230 ವೋಲ್ಟ್‌ಗೆ ಬರೀ 46 ಆಂಪ್. 32 ಆಂಪ್‌ನ ಸಿ-ಕರ್ವ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ತಕ್ಷಣ ಬೀಳಲು 160ರಿಂದ 320 ಆಂಪ್ ಬೇಕು. 46ಕ್ಕೆ ಒಂದು ಗಂಟೆಯಾದರೂ ಬೀಳುತ್ತದೆಂಬ ಖಾತ್ರಿಯಿಲ್ಲ, ಅಷ್ಟು ಹೊತ್ತೂ ಬಾಡಿ ಮೇಲೆ 138 ವೋಲ್ಟ್. ಚೀಲ ಹೊಲಿಯುವವರ ಕೈ ಅಲ್ಲೇ ಇರುತ್ತದೆ. ಪಿಟ್‌ಗಳನ್ನು ಒಂದಕ್ಕೊಂದು ಜೋಡಿಸಿ ಎಂದು ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 3043 ಹೇಳುವುದು ಸುಮ್ಮನೆ ಅಲ್ಲ.

ನಾಯ್ಸ್ (ರೀಡಿಂಗ್ ಕುಣಿಸುವ ಬೇಡದ ಸಿಗ್ನಲ್) ಬರುವ ದಾರಿಯೇ ಬೇರೆ. 2 ಮಿಲಿವೋಲ್ಟ್/ವೋಲ್ಟ್‌ನ 100 ಕೆಜಿ ಲೋಡ್‌ಸೆಲ್‌ಗೆ 10 ವೋಲ್ಟ್ ಕೊಟ್ಟರೆ ಪೂರ್ತಿ 100 ಕೆಜಿಗೆ 20 ಮಿಲಿವೋಲ್ಟ್, ಅರ್ಧ ಕೆಜಿ ಅಂದರೆ 0.1 ಮಿಲಿವೋಲ್ಟ್. ಇಷ್ಟು ಸಣ್ಣ ಸಿಗ್ನಲ್ ಕೆಡಲು ಸ್ವಲ್ಪ ನಾಯ್ಸ್ ಸಾಕು. ಮೋಟಾರ್ ಕೇಬಲ್‌ನಿಂದ ಸೋರುವ ಹೈ ಫ್ರೀಕ್ವೆನ್ಸಿ ಕರೆಂಟು ಡ್ರೈವ್‌ಗೆ ಮರಳಲು ಹತ್ತಿರದ ದಾರಿ ಹುಡುಕುತ್ತದೆ, ಸಿಕ್ಕಿದ ಫ್ರೇಮು, ಶೀಲ್ಡು (ಕೇಬಲ್ ಒಳಗಿನ ಲೋಹದ ಹೊದಿಕೆ) ಎಲ್ಲದರಲ್ಲೂ ಹರಿಯುತ್ತದೆ.

ಮೊದಲು ಡ್ರೈವ್‌ಗೆ ಪವರ್ ಕೊಟ್ಟು ರನ್ ಕೊಡದೆ ನೋಡಿ. ಆಮೇಲೆ ಲೋಡ್‌ಸೆಲ್ ಕೇಬಲ್ಲನ್ನು ಟ್ರೇಯಿಂದ ತೆಗೆದು ದೂರ ಎಳೆದು ರನ್ ಕೊಡಿ.

ಮಂಡ್ಯ_ರೈಸ್‌ಮಿಲ್:
ರನ್ ಕೊಡದಿದ್ದರೆ ಸ್ಥಿರ. ಕೇಬಲ್ ದೂರ ಎಳೆದಾಗ ಏರಿಳಿತ 0.2 ಕೆಜಿಗೆ ಇಳಿಯಿತು. ಮೋಟಾರ್‌ಗೆ ಶೀಲ್ಡ್ ಇಲ್ಲದ ಮಾಮೂಲಿ ಕೇಬಲ್. ಲೋಡ್‌ಸೆಲ್ ಶೀಲ್ಡು ಎರಡೂ ಕಡೆ ಅರ್ಥ್ ಆಗಿದೆ.

ಹೆಬ್ಬಾಳ_ಪ್ಯಾನೆಲ್:
ಹಾಗಾದರೆ ಮೋಟಾರ್‌ಗೆ ಶೀಲ್ಡೆಡ್ ಕೇಬಲ್ ಹಾಕಿ, ಎರಡೂ ತುದಿಯಲ್ಲಿ ಶೀಲ್ಡನ್ನು ಸುತ್ತಲೂ ಕಚ್ಚುವ ಕ್ಲಾಂಪಿನಿಂದ ಅರ್ಥ್ ಮಾಡಿ. ಡ್ರೈವ್ ಪ್ಲೇಟಿನ ಪೇಂಟನ್ನು ಕೆರೆದು ಲೋಹ ಕಂಡ ಮೇಲೆ ಕೂರಿಸಿ. ಶೀಲ್ಡನ್ನು ಜಡೆಯಂತೆ ಹೊಸೆದು ಲಗ್ಗಿಗೆ (ವೈರ್ ತುದಿಯ ಲೋಹದ ಕೊಂಡಿಗೆ) ಕಟ್ಟಿದರೆ ಆ ಹತ್ತು ಸೆಂಟಿಮೀಟರೇ ಹೈ ಫ್ರೀಕ್ವೆನ್ಸಿಗೆ ಅಡ್ಡಿ. ಹೊಸ ಕೇಬಲ್‌ನ ದುಡ್ಡು ದಂಡ.

ಲೋಡ್‌ಸೆಲ್ ಶೀಲ್ಡನ್ನು ಇಂಡಿಕೇಟರ್ (ತೂಕ ತೋರಿಸುವ ಡಬ್ಬಿ) ಕಡೆ ಮಾತ್ರ ಉಳಿಸಿ, ಇನ್ನೊಂದು ತುದಿಗೆ ಸ್ಲೀವ್ ಹಾಕಿ. ಎರಡು ಕೇಬಲ್ ನಡುವೆ 300 ಮಿ.ಮೀ. ಅಂತರ, ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ.

ಮಂಡ್ಯ_ರೈಸ್‌ಮಿಲ್:
ಎಲ್ಲ ಮಾಡಿದೆವು, ಈಗ 49.98ರಿಂದ 50.02. ಹೊಸ ಪಿಟ್ ಕೆಲಸ ನಿಲ್ಲಿಸಿದ್ದೇವೆ. ತುಂಬಾ ಉಪಕಾರ ಆಯ್ತು ಸರ್.